ಕೂರುವುದು ಬೇರೆ, ಹಿಡಿಯುವುದು ಬೇರೆ

ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈ ಇದೆ. 1990ರಲ್ಲಿ ಅಲ್ಲಿ ಶುರುವಾದ ರೇಸ್ ಟ್ರ್ಯಾಕಿನ ಉದ್ದ ಸುಮಾರು 3.7 ಕಿಲೋಮೀಟರ್, ತಿರುವುಗಳು ಹನ್ನೆರಡು. ವರ್ಷದಲ್ಲಿ ಕೆಲವು ದಿನ ಈ ಟ್ರ್ಯಾಕು ರೇಸುಗಾರರಲ್ಲದವರಿಗೂ ತೆರೆದಿರುತ್ತದೆ. ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ತಮ್ಮದೇ ಕಾರನ್ನು ಮನಸಾರೆ ಓಡಿಸಬಹುದು. ಗೆದ್ದವರಿಲ್ಲ, ಸೋತವರಿಲ್ಲ, ಬಹುಮಾನವೂ ಇಲ್ಲ. ಇದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೂ ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲೂ ಇಂಥ ದಿನಗಳು ನಡೆಯುತ್ತವೆ.

ಅಲ್ಲಿಗೆ ಬರುವವರಲ್ಲಿ ಕೋಟ್ಯಧಿಪತಿಗಳೂ ಇರುತ್ತಾರೆ. ಆದರೆ ಸಂಬಳದ ಮೇಲೆ ಬದುಕುವ, ಎಂಟು ಹತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕನ್ನು ತಿಂಗಳಿಗಿಷ್ಟು ಎಂದು ಖರ್ಚು ಮಾಡಿ ತಿದ್ದಿಕೊಂಡ ಹುಡುಗರೂ ಇರುತ್ತಾರೆ. ಮೊದಲು ಎಂಜಿನಿನ ಬಲ ಹೆಚ್ಚಿಸುತ್ತಾರೆ. ಆಮೇಲೆ ಒಳ್ಳೆಯ ಟೈರು. ಒಂದೆರಡು ಸಲ ಟ್ರ್ಯಾಕಿನ ಕೊನೆಯ ಲ್ಯಾಪಿನಲ್ಲಿ ಪೆಡಲ್ ಒತ್ತಿದರೂ ಕಾರು ನಿಲ್ಲದ ಅನುಭವವಾದ ಮೇಲೆ ದೊಡ್ಡ ಡಿಸ್ಕು, ನಾಲ್ಕು ಪಿಸ್ಟನ್ನಿನ ಕ್ಯಾಲಿಪರು. ಇಷ್ಟಾಗುವಾಗ ಕೈಯಲ್ಲಿದ್ದ ದುಡ್ಡು ಮುಗಿದಿರುತ್ತದೆ. ಆ ಕ್ಯಾಲಿಪರಿಗೆಂದೇ ಮಾಡಿದ ರೇಸ್ ಪ್ಯಾಡಿನ ಬೆಲೆ ಕೇಳಿದರೆ ಹತ್ತಾರು ಸಾವಿರ ರೂಪಾಯಿ, ಅದೂ ಹೊರದೇಶದಿಂದ ಬರಬೇಕು. ಕೆಲವು ಟ್ರ್ಯಾಕ್ ಡೇ ಕಳೆಯುವಷ್ಟರಲ್ಲಿ ಸವೆದೂ ಹೋಗುತ್ತದೆ.

ಆಗ ಹುಡುಕಾಟ ಶುರು. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಕಶ್ಮೀರಿ ಗೇಟ್. ಬೇರೆ ಯಾವ ಕಾರಿನ ಪ್ಯಾಡು ಹೆಚ್ಚುಕಡಿಮೆ ಇದೇ ಆಕಾರದ್ದು? ಒಂದು ಕಿವಿ ಕತ್ತರಿಸಿದರೆ, ಅಂಚನ್ನು ಎರಡು ಮಿಲಿಮೀಟರ್ ಉಜ್ಜಿದರೆ ಕ್ಯಾಲಿಪರಿನೊಳಗೆ ಹೋಗುತ್ತದೆಯೇ? ಹೋಗುತ್ತದೆ. ಗ್ಯಾರೇಜಿನಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

“ಅಣ್ಣಾ, ಇದು ಹಿಡಿಯುತ್ತಾ?”

“ಕೂತ್ಕೊಂಡಿದೆಯಲ್ಲಾ ಸರ್, ಹಿಡೀದೆ ಎಲ್ಲಿಗೆ ಹೋಗುತ್ತೆ?”

ಪ್ರಶ್ನೆ ಒಂದು ಕ್ರಿಯಾಪದದಲ್ಲಿದೆ, ಉತ್ತರ ಇನ್ನೊಂದರಲ್ಲಿ. ಕನ್ನಡದಲ್ಲಿ ಬ್ರೇಕು ‘ಹಿಡಿಯಬೇಕು’. ಬಿಡಿಭಾಗ ತನ್ನ ಜಾಗದಲ್ಲಿ ‘ಕೂರಬೇಕು’. ಈ ಎರಡು ಮಾತುಗಳ ನಡುವಿನ ಅಂತರವೇ ಅಗ್ಗದ ಪ್ಯಾಡಿನ ಇಡೀ ಸಮಸ್ಯೆ. ಕೂರಿಸುವುದರಲ್ಲಿ ಎಷ್ಟು ಬೇಕಾದರೂ ಉಳಿತಾಯ ಮಾಡಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹಿಡಿಯುವುದರಲ್ಲಿ ಉಳಿತಾಯ ಮಾಡಬಾರದು.

ಮೊದಲು ನಾಚಿಕೆಯ ಮಾತು. “ಖರ್ಚು ಭರಿಸಲಾಗದವರು ಟ್ರ್ಯಾಕಿಗೆ ಬರಬಾರದು, ಬ್ರೇಕಿನಲ್ಲಿ ಜುಗಾಡ್ ಮಾಡುವವರನ್ನು ಗೇಟಿನಲ್ಲೇ ತಡೆಯಬೇಕು” ಎನ್ನುವವರಿದ್ದಾರೆ. ಈ ಮಾತಿಗೆ ಸುರಕ್ಷತೆಯ ವೇಷವಿದೆ, ಒಳಗಿರುವುದು ದುಡ್ಡಿನ ಗತ್ತು. ಭಾರತದ ಮೋಟಾರು ಕ್ರೀಡೆ ಬೆಳೆದದ್ದೇ ಒಂದರ ಭಾಗವನ್ನು ಇನ್ನೊಂದಕ್ಕೆ ಹೊಂದಿಸಿಕೊಂಡು. ಮದ್ರಾಸಿನ ಶೋಲಾವರಂನಲ್ಲಿ ಹಳೆಯ ವಿಮಾನ ಓಡುದಾರಿಯ ಮೇಲೆ ರೇಸು ನಡೆಯುತ್ತಿದ್ದ ಕಾಲದಲ್ಲಿ ಓಡುತ್ತಿದ್ದವು ಮನೆಮನೆಯ ಫಿಯಟ್ಟು, ಹೆರಾಲ್ಡುಗಳು. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಗೆ ಮಾರುತಿ 800ರ ಎಂಜಿನ್ನನ್ನೇ ಹಾಕಿ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಆ ಫಾರ್ಮುಲಾ ಮಾರುತಿ ಓಡಿಸಿ ರೇಸಿನ ಬದುಕು ಆರಂಭಿಸಿದವರಲ್ಲಿ ನರೇನ್ ಕಾರ್ತಿಕೇಯನ್ ಕೂಡ ಒಬ್ಬರು. 2005ರಲ್ಲಿ ಅವರು ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು. ಕರಿ ಸ್ಪೀಡ್‌ವೇ ಇರುವುದು ಈ ಕರಿವರ್ಧನರ ಹೆಸರಿನಲ್ಲೇ. ಎಲ್ಲವೂ ಕ್ಯಾಟಲಾಗಿನಿಂದಲೇ ಬರಬೇಕು ಎಂದು ಅವರು ಕಾದಿದ್ದರೆ ಆ ಕಾರು ಹುಟ್ಟುತ್ತಿರಲಿಲ್ಲ.

ಆದರೆ ಎದುರು ಪಕ್ಷದ ವಾದವೂ ಅಷ್ಟೇ ಪೊಳ್ಳು. “ನಾಲ್ಕು ಲ್ಯಾಪ್ ಹೊಡೆದೆ, ಏನೂ ಆಗಲಿಲ್ಲ” ಎನ್ನುವುದು ಪುರಾವೆಯಲ್ಲ. ಬ್ರೇಕು ಕೈಕೊಡುವುದು ಐದನೆಯದರಲ್ಲಿ. ಯಾಕೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು.

ಚಾಲಕನೂ ಸೇರಿ 1,100 ಕಿಲೋ ತೂಗುವ ಕಾರು ಗಂಟೆಗೆ 160 ಕಿಲೋಮೀಟರಿನಿಂದ 70ಕ್ಕೆ ಇಳಿಯಬೇಕು ಎಂದಿಟ್ಟುಕೊಳ್ಳೋಣ. ಆ ನಾಲ್ಕಾರು ಸೆಕೆಂಡಿನಲ್ಲಿ ಕಾರು ಕಳೆದುಕೊಳ್ಳಬೇಕಾದ ಚಲನೆಯ ಶಕ್ತಿ ಸುಮಾರು 880 ಕಿಲೋಜೂಲ್. ಹೆಚ್ಚುಕಡಿಮೆ ಎರಡೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ ಅದು. ಗಾಳಿ ಮತ್ತು ಎಂಜಿನ್ ಸ್ವಲ್ಪ ಹಂಚಿಕೊಳ್ಳುತ್ತವೆ. ಉಳಿದದ್ದೆಲ್ಲ ಬ್ರೇಕಿಗೆ, ಅದರಲ್ಲೂ ಹೆಚ್ಚಿನ ಪಾಲು ಮುಂದಿನ ಎರಡು ಚಕ್ರಗಳಿಗೆ. ಈಗ ಎಂಜಿನಿನ ಬಲ ಹೆಚ್ಚಿಸಿ, ಅದೇ ತಿರುವಿಗೆ 160ರ ಬದಲು 180ರಲ್ಲಿ ಬಂದರೆ? ವೇಗ ಹೆಚ್ಚಿದ್ದು ಎಂಟನೇ ಒಂದು ಪಾಲು ಮಾತ್ರ. ಬ್ರೇಕು ನುಂಗಬೇಕಾದ ಶಾಖ ಹೆಚ್ಚುವುದು ಮೂರನೇ ಒಂದು ಪಾಲು. ಶಕ್ತಿ ಬೆಳೆಯುವುದು ವೇಗದ ವರ್ಗಕ್ಕೆ ತಕ್ಕಂತೆ. ಲ್ಯಾಪಿನಲ್ಲಿ ಇಂಥ ತಿರುವು ಹಲವಿರುತ್ತವೆ. ನಡುವೆ ಡಿಸ್ಕು ಪೂರ್ತಿ ಆರುವುದಿಲ್ಲ, ಪ್ರತಿ ಲ್ಯಾಪಿಗೂ ಸ್ವಲ್ಪ ಸ್ವಲ್ಪ ಬಿಸಿ ಉಳಿದು ಸೇರುತ್ತಾ ಹೋಗುತ್ತದೆ.

ಊರಲ್ಲಿ ಓಡುವ ಕಾರಿನ ಪ್ಯಾಡನ್ನು ಈ ಬಿಸಿಗೆ ಮಾಡಿರುವುದಿಲ್ಲ. ಅದರ ನಾರು, ಲೋಹದ ಪುಡಿ, ಘರ್ಷಣೆಯ ಹರಳುಗಳನ್ನೆಲ್ಲ ಹಿಡಿದಿಡುವುದು ಒಂದು ಬಗೆಯ ರಾಳ. ಬಿಸಿ ಮಿತಿ ದಾಟಿದರೆ ಆ ರಾಳ ಒಡೆದು ಅನಿಲ ಬಿಡುತ್ತದೆ, ಪ್ಯಾಡಿಗೂ ಡಿಸ್ಕಿಗೂ ನಡುವೆ ಹಿಡಿತ ಕುಸಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಕ್ಯಾಲಿಪರ್ ಎಷ್ಟೇ ದೊಡ್ಡದಿರಲಿ, ಒಳಗಿರುವ ಮಸಾಲೆಗೆ ತಾಳಿಕೆಯಿಲ್ಲದಿದ್ದರೆ ಅದು ತಾಳುವುದಿಲ್ಲ. ದೊಡ್ಡ ಡಿಸ್ಕು ಇರುವುದು ಬಿಸಿಯನ್ನು ಹೊತ್ತುಕೊಳ್ಳಲಿಕ್ಕೆ. ರಸ್ತೆಯನ್ನು ಹಿಡಿಯುವುದು ಟೈರು, ಡಿಸ್ಕನ್ನು ಹಿಡಿಯುವುದು ಪ್ಯಾಡಿನ ಮಸಾಲೆ.

ಪ್ಯಾಡು ಕೊಳ್ಳುವಾಗ ಕೈಗೆ ಸಿಗುವ ಗುರುತುಗಳು ಯಾವುದರ ಬಗ್ಗೆ ಮಾತನಾಡುತ್ತವೆ ಎಂಬುದನ್ನು ಇಲ್ಲಿ ಸರಿಯಾಗಿ ಓದಬೇಕು. ಅಮೆರಿಕದ ಎಫ್‌ಎಂಎಸ್‌ಐ ಸಂಖ್ಯೆ, ಯುರೋಪಿನ ಡಬ್ಲ್ಯುವಿಎ ಸಂಖ್ಯೆ, ಇವೆರಡೂ ಆಕಾರದ ಗುರುತುಗಳು. ಎರಡು ಬೇರೆ ಕಾರಿನ ಪ್ಯಾಡಿಗೆ ಒಂದೇ ಎಫ್‌ಎಂಎಸ್‌ಐ ಸಂಖ್ಯೆ ಇದ್ದರೆ ಅವು ಒಂದೇ ಆಕಾರದವು ಎಂದರ್ಥ. ಮಸಾಲೆಯ ಬಗ್ಗೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ‘ಅವಸರ’ ಎಂಬ ಪದ ಕನ್ನಡದಲ್ಲೂ ಹಿಂದಿಯಲ್ಲೂ ತೆಲುಗಿನಲ್ಲೂ ಇದೆ. ಕನ್ನಡದವರಿಗೆ ಅದು ಆತುರ, ದೆಹಲಿಯಲ್ಲಿ ಅವಕಾಶ, ಹೈದರಾಬಾದಿನಲ್ಲಿ ಅಗತ್ಯ. ಊರು ಬಿಟ್ಟು ಬದುಕುವ ಕನ್ನಡಿಗರೆಲ್ಲ ಒಮ್ಮೆಯಾದರೂ ಇಂಥ ಪದಕ್ಕೆ ಎಡವಿರುತ್ತಾರೆ. ಪ್ಯಾಡಿನ ಸಂಖ್ಯೆಯೂ ಹಾಗೆಯೇ: ರೂಪ ಒಂದೇ, ಒಳಗಿನದು ಬೇರೆ.

ಮಸಾಲೆಯ ಬಗ್ಗೆ ಮಾತನಾಡುವ ಗುರುತು ಇನ್ನೊಂದಿದೆ. ಹಲವು ಪ್ಯಾಡುಗಳ ಅಂಚಿನಲ್ಲಿ ‘ಎಫ್‌ಎಫ್’, ‘ಇಎಫ್’, ‘ಜಿಜಿ’ ಎಂಬಂಥ ಎರಡು ಅಕ್ಷರಗಳಿರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಘರ್ಷಣೆ ಎಷ್ಟು ಎಂಬುದಕ್ಕೆ, ಎರಡನೆಯದು ಹೆಚ್ಚು ಬಿಸಿಯಲ್ಲಿ ಎಷ್ಟು ಎಂಬುದಕ್ಕೆ. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ‘ಜಿಜಿ’ ನೋಡಿದ ಕೂಡಲೇ ಟ್ರ್ಯಾಕಿಗೆ ಇದೇ ಸರಿ ಎಂದು ಹಿಗ್ಗುವವರಿದ್ದಾರೆ. ಆದರೆ ಈ ಅಕ್ಷರ ಕೊಡುವ ಅಮೆರಿಕದ ಎಸ್‌ಎಇ ಪರೀಕ್ಷೆಯಲ್ಲಿ ‘ಹೆಚ್ಚು ಬಿಸಿ’ ಎನ್ನುವುದು 650 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 343 ಸೆಲ್ಸಿಯಸ್‌ಗೆ ಮುಗಿಯುತ್ತದೆ. ಟ್ರ್ಯಾಕಿನಲ್ಲಿ ಡಿಸ್ಕು 500 ಡಿಗ್ರಿ ದಾಟುವುದು ಮಾಮೂಲು. ಅಲ್ಲಿ ಏನಾಗುತ್ತದೆ ಎಂದು ಆ ಅಕ್ಷರಗಳು ಹೇಳಲಾರವು. ಅದಕ್ಕೆ ತಯಾರಕರು ಕೊಡುವ ಬಿಸಿಯ ಮಿತಿಯನ್ನೂ ಘರ್ಷಣೆಯ ನಕ್ಷೆಯನ್ನೂ ನೋಡಬೇಕು. ಅದನ್ನು ಕೊಡದ ಪ್ಯಾಡನ್ನು, ಡಬ್ಬಿಯ ಮೇಲೆ ‘ರೇಸಿಂಗ್’ ಎಂದು ಕೆಂಪಕ್ಷರದಲ್ಲಿ ಬರೆದಿದ್ದರೂ, ಊರಿನ ಪ್ಯಾಡು ಎಂದೇ ಭಾವಿಸುವುದು ಒಳ್ಳೆಯದು. ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ಬರುವ ಡೂಪ್ಲಿಕೇಟ್ ಮಾಲಿನ ಮಾತಂತೂ ಬೇಡವೇ ಬೇಡ. ಅಗ್ಗಕ್ಕೂ ಮೋಸಕ್ಕೂ ವ್ಯತ್ಯಾಸವಿದೆ.

ಹಾಗಾದರೆ ಉಳಿತಾಯ ಎಲ್ಲಿ? ಆಕಾರದಲ್ಲಿ. ಲಕ್ಷಗಟ್ಟಲೆ ಕಾರುಗಳಿಗೆ ಹೋಗುವ ಆಕಾರದ ಪ್ಯಾಡನ್ನು ಹತ್ತಾರು ಕಂಪನಿಗಳು ಹತ್ತಾರು ಮಸಾಲೆಯಲ್ಲಿ ಮಾಡುತ್ತವೆ. ಸ್ಪರ್ಧೆಯಿಂದ ಬೆಲೆ ಇಳಿಯುತ್ತದೆ. ಅಪರೂಪದ ಕ್ಯಾಲಿಪರಿನ ಪ್ಯಾಡನ್ನು ಒಂದೋ ಎರಡೋ ಕಂಪನಿ ಮಾಡುತ್ತವೆ, ಹೇಳಿದ ಬೆಲೆ ಕೊಡಬೇಕು. ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಮತ್ತು ಮಿತ್ಸುಬಿಷಿ ಲ್ಯಾನ್ಸರ್ ಇವೊ ಎಂಬ ಎರಡು ಬದ್ಧವೈರಿ ಕಾರುಗಳು ಬಹುಕಾಲ ಮುಂದಿನ ಚಕ್ರಕ್ಕೆ ಒಂದೇ ಆಕಾರದ ಬ್ರೆಂಬೊ ಪ್ಯಾಡು ಬಳಸಿದವು. ಅದರಿಂದ ಆ ಆಕಾರದಲ್ಲಿ ಊರಿನ ಮಸಾಲೆಯಿಂದ ರೇಸಿನ ಮಸಾಲೆಯವರೆಗೆ ಎಲ್ಲವೂ ಸಿಗುತ್ತದೆ. ಬುದ್ಧಿವಂತರ ದಾರಿ ಏನೆಂದರೆ, ಬ್ರೇಕು ದೊಡ್ಡದು ಮಾಡುವ ದಿನವೇ ಮೊದಲು ಪ್ಯಾಡನ್ನು ಆರಿಸುವುದು, ಆಮೇಲೆ ಆ ಪ್ಯಾಡು ಕೂರುವ ಕ್ಯಾಲಿಪರನ್ನು ಕೊಳ್ಳುವುದು. ಹೆಚ್ಚಿನವರು ಮಾಡುವುದು ಉಲ್ಟಾ. ಹೊಳೆಯುವ ಕೆಂಪು ಕ್ಯಾಲಿಪರ್ ಅಗ್ಗಕ್ಕೆ ಸಿಕ್ಕಿತೆಂದು ತಂದು, ಆಮೇಲೆ ಜೀವಮಾನವಿಡೀ ಅದಕ್ಕೆ ಪ್ಯಾಡು ಹುಡುಕುತ್ತಾರೆ. ಕ್ಯಾಲಿಪರ್ ಒಂದು ಸಲದ ಖರ್ಚು, ಪ್ಯಾಡು ಪ್ರತಿ ಸಲದ ಖರ್ಚು.

ಕ್ಯಾಲಿಪರ್ ಆಗಲೇ ಕೊಂಡಾಗಿದ್ದರೆ ಹೊಂದಿಸುವ ಕೆಲಸ ಉಳಿಯುತ್ತದೆ. ಇಲ್ಲಿ ಗ್ರೈಂಡರ್ ಎತ್ತುವ ಮೊದಲು ತಿಳಿದಿರಬೇಕಾದ ವಿಷಯ: ಪ್ಯಾಡಿನ ಬೆನ್ನಿಗಿರುವ ಉಕ್ಕಿನ ಪ್ಲೇಟಿನಲ್ಲಿ ಎಲ್ಲ ಅಂಚೂ ಒಂದೇ ಅಲ್ಲ. ಬ್ರೇಕ್ ಒತ್ತಿದಾಗ ತಿರುಗುವ ಡಿಸ್ಕು ಪ್ಯಾಡನ್ನು ತನ್ನ ಜೊತೆ ಎಳೆದೊಯ್ಯಲು ನೋಡುತ್ತದೆ. ಅದನ್ನು ತಡೆಯುವುದು ಕ್ಯಾಲಿಪರಿನ ಅಥವಾ ಬ್ರಾಕೆಟ್ಟಿನ ಗೋಡೆಗೆ ಒರಗುವ ಪ್ಲೇಟಿನ ಅಂಚು, ಕೆಲವು ವಿನ್ಯಾಸಗಳಲ್ಲಿ ಪಿನ್ನುಗಳು. ಕಾರು ನಿಲ್ಲಿಸುವ ಬಲವೆಲ್ಲ ದಾಟುವುದು ಈ ಜಾಗದಿಂದ. ಇದನ್ನು ಕತ್ತರಿಸಬಾರದು, ಇಲ್ಲಿ ಸಡಿಲ ಬಿಡಬಾರದು, ಬೆಸುಗೆ ಹಾಕಿ ತುಂಬಿಸುವುದಂತೂ ಕೂಡದು. ಯಾವ ಬಲವೂ ಹಾಯದ ತುದಿಗಳು ಬೇರೆ. ಸವೆತ ತಿಳಿಸುವ ತಗಡು, ಬೇರೆ ಕಾರಿನ ಕ್ಲಿಪ್ಪಿಗೆಂದು ಬಿಟ್ಟ ಚಾಚು, ಮೇಲಂಚಿನ ಒಂದೆರಡು ಮಿಲಿಮೀಟರ್, ಇವುಗಳನ್ನು ತೆಗೆದರೆ ನಷ್ಟವಿಲ್ಲ. ಯಾವುದು ಯಾವುದೆಂದು ಬೆರಳಿಟ್ಟು ತೋರಿಸಲು ಬಾರದವರು ಕತ್ತರಿಸಬಾರದು.

ಉಳಿದ ನಾಲ್ಕು ಪರೀಕ್ಷೆಗಳಿಗೆ ಬೇಕಾದದ್ದು ಒಂದು ಕ್ಯಾಲಿಪರ್ ಸ್ಕೇಲು ಮತ್ತು ತಾಳ್ಮೆ. ಪಿಸ್ಟನ್ನಿನ ಪೂರ್ತಿ ಬಾಯಿ ಪ್ಲೇಟಿನ ಮೇಲೆ ಕೂರಬೇಕು. ಅಂಚಿನಾಚೆ ಚಾಚಿದರೆ ಪಿಸ್ಟನ್ ವಾಲುತ್ತದೆ, ಪ್ಯಾಡು ಓರೆಯಾಗಿ ಸವೆಯುತ್ತದೆ. ಮಸಾಲೆಯ ಮುಖ ಡಿಸ್ಕಿನೊಳಗೇ ಇರಬೇಕು. ಹೊರಗೆ ಚಾಚಿದ ಭಾಗ ಸವೆಯದೆ ತುಟಿಯಾಗಿ ಉಳಿದು, ಪ್ಯಾಡು ತೆಳುವಾದಾಗ ಎರಡೂ ಕಡೆಯ ತುಟಿಗಳು ಒಂದಕ್ಕೊಂದು ತಾಗುತ್ತವೆ. ಮೂಲ ಪ್ಯಾಡಿಗಿಂತ ಹೊಸದು ತೆಳುವಾಗಿದ್ದರೆ ಅದು ಸವೆದಾಗ ಪಿಸ್ಟನ್ ಮಿತಿಗಿಂತ ಹೊರಗೆ ಬರುತ್ತದೆ. ಸೀಲು ದಾಟಿದರೆ ಆಯಿಲ್ ಸೋರಿ ಬ್ರೇಕೇ ಇರುವುದಿಲ್ಲ. ದಪ್ಪವಿದ್ದರೆ ಮಸಾಲೆಯನ್ನೇ ಉಜ್ಜಿ ತೆಳು ಮಾಡುವುದು ಇನ್ನೊಂದು ತಪ್ಪು, ಯಾಕೆಂದರೆ ಬಿಸಿ ಪಿಸ್ಟನ್ನಿಗೆ ತಲುಪದಂತೆ ತಡೆಯುವುದು ಆ ದಪ್ಪವೇ. ಕೊನೆಯದಾಗಿ, ಗ್ರೈಂಡರಿನ ಬಿಸಿ. ಮಸಾಲೆ ಉಕ್ಕಿಗೆ ಅಂಟಿಕೊಂಡಿರುವುದು ಅಂಟಿನ ಪದರದಿಂದ. ಒಂದೇ ಉಸಿರಿನಲ್ಲಿ ಉಜ್ಜಿ ಪ್ಲೇಟು ನೀಲಿಗಟ್ಟಿದರೆ ಆ ಅಂಟು ಉಳಿದಿದೆ ಎಂದು ನಂಬಲಾಗದು. ಸ್ವಲ್ಪ ಉಜ್ಜಿ, ಕೈಯಲ್ಲಿ ಮುಟ್ಟಿ, ಆರಲು ಬಿಡಬೇಕು. ಅರವೇ ಸಾಕಾದರೆ ಅರವೇ ಮೇಲು. ಧೂಳಿಗೆ ಮಾಸ್ಕ್ ಬೇಕು. ಏರ್ ಪೈಪಿನಿಂದ ಊದಬಾರದು.

ಇನ್ನೊಂದು ಅಗ್ಗದ ದಾರಿ ನಮ್ಮಲ್ಲಿ ಎಲ್ಲ ಊರಲ್ಲೂ ಕಣ್ಣಿಗೆ ಬೀಳುತ್ತದೆ. ಲಾರಿಗಳ ಬ್ರೇಕ್ ಶೂಗೆ ಹೊಸ ಲೈನರ್ ಇಟ್ಟು ರಿವೆಟ್ ಹೊಡೆದುಕೊಡುವ ಅಂಗಡಿಗಳು. ಸವೆದ ರೇಸ್ ಪ್ಯಾಡಿನ ಪ್ಲೇಟನ್ನು ಅಲ್ಲಿಗೆ ಕೊಟ್ಟು, ಹೊಸ ಮಸಾಲೆ ಅಂಟಿಸಿ ತರೋಣ ಎಂಬ ಆಸೆ ಸಹಜ. ಆ ಕಸುಬಿನವರ ಕೈಚಳಕದ ಮೇಲೆ ಅನುಮಾನವಿಲ್ಲ. ಆದರೆ ಡ್ರಮ್ಮಿನ ಶೂಗೆ ರಿವೆಟ್ ಹೊಡೆಯುವುದು ಒಂದು ಕೆಲಸ, ಡಿಸ್ಕ್ ಪ್ಯಾಡಿನ ಮಸಾಲೆಯನ್ನು ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಪ್ಲೇಟಿಗೆ ಕೂಡಿಸುವುದು ಇನ್ನೊಂದು ಕೆಲಸ. 500 ಡಿಗ್ರಿಯಲ್ಲಿ ಮಸಾಲೆ ಪ್ಲೇಟಿನಿಂದ ಕಳಚಿದರೆ ಡಿಸ್ಕಿಗೆ ತಾಗುವುದು ಬರಿ ಉಕ್ಕು.

ಉಳಿಸಿದ ದುಡ್ಡಿನಲ್ಲಿ ಒಂದು ಭಾಗ ಮತ್ತೆ ಬ್ರೇಕಿಗೇ ಹೋಗಬೇಕು. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮವಿದೆ, ಡಾಟ್ 4ಕ್ಕೆ ಅದು 230. ಅದೇ ಆಯಿಲ್ ಗಾಳಿಯ ತೇವ ಹೀರಿ ಹಳತಾದರೆ ಈ ಮಿತಿ ಕ್ರಮವಾಗಿ 140 ಮತ್ತು 155ಕ್ಕೆ ಇಳಿಯುತ್ತದೆ. ಮಳೆಗಾಲ ಕಳೆದ ಚೆನ್ನೈ, ಮುಂಬೈ ಕಾರಿನಲ್ಲಿ ವರ್ಷಗಳಿಂದ ಬದಲಿಸದ ಆಯಿಲ್ ಇದ್ದರೆ ಎಂಥ ಪ್ಯಾಡು ಹಾಕಿದರೂ ಪೆಡಲ್ ಒಂದು ಹಂತದಲ್ಲಿ ನೆಲಕ್ಕೆ ಹೋಗುತ್ತದೆ. ಡಿಸ್ಕಿನ ಅಂಚಿಗೆ ಬಳಿಯುವ ಬಿಸಿ ತೋರಿಸುವ ಬಣ್ಣವೂ ಸಿಗುತ್ತದೆ. ಸುಮಾರು 430ರಿಂದ 610 ಡಿಗ್ರಿವರೆಗಿನ ಬೇರೆ ಬೇರೆ ಬಿಸಿಗೆ ಬೇರೆ ಬೇರೆ ಬಣ್ಣ ಬಿಳಿಚುತ್ತದೆ. ಒಂದು ದಿನ ಅದನ್ನು ಬಳಿದು ಓಡಿಸಿದರೆ ತನ್ನ ಕಾರಿಗೆ ಎಷ್ಟು ಬಿಸಿ ತಾಳುವ ಮಸಾಲೆ ಬೇಕು ಎಂಬುದು ಗೊತ್ತಾಗುತ್ತದೆ. ಊಹೆಯ ಮೇಲೆ ದುಬಾರಿ ಪ್ಯಾಡು ಕೊಳ್ಳುವುದು ತಪ್ಪುತ್ತದೆ. ಅಂದರೆ ಅಳತೆಯೂ ಒಂದು ಉಳಿತಾಯ. ಮುಂದೆ ಗಟ್ಟಿ ಮಸಾಲೆ ಹಾಕಿ ಹಿಂದೆ ಹಳೆಯದನ್ನೇ ಬಿಟ್ಟರೆ ಮುಂದಿನ ಬ್ರೇಕಿನ ಪಾಲು ಇನ್ನೂ ಹೆಚ್ಚುತ್ತದೆ. ಹಿಂದೆ ಮಾತ್ರ ಗಟ್ಟಿ ಹಾಕಿದರೆ ಹಿಂದಿನ ಚಕ್ರ ಮೊದಲು ಜಾರಿ ಕಾರು ಗಿರಕಿ ಹೊಡೆಯಬಹುದು. ನಾಲ್ಕೂ ಚಕ್ರಗಳನ್ನು ಒಟ್ಟಿಗೆ ಯೋಚಿಸಬೇಕು.

ಇದೆಲ್ಲ ಒಬ್ಬೊಬ್ಬರೇ ತಿಳಿದುಕೊಳ್ಳಬೇಕಾದ ಸ್ಥಿತಿ ಇರಬೇಕಾಗಿಲ್ಲ. ಈ ದೇಶದಲ್ಲಿ ಬ್ರೇಕಿನ ಜ್ಞಾನಕ್ಕೆ ಬರವಿಲ್ಲ. ಬ್ರೇಕ್ಸ್ ಇಂಡಿಯಾ 1962ರಲ್ಲಿ, ರಾಣೆ ಬ್ರೇಕ್ ಲೈನಿಂಗ್ 1964ರಲ್ಲಿ, ಸುಂದರಂ ಬ್ರೇಕ್ ಲೈನಿಂಗ್ಸ್ 1974ರಲ್ಲಿ ಹುಟ್ಟಿದವು, ಮೂರೂ ಮದ್ರಾಸಿನವೇ. ಪುಣೆ, ಚೆನ್ನೈಗಳ ಕಾರು ಉದ್ಯಮದಲ್ಲಿ ದುಡಿಯುವ ಕನ್ನಡಿಗರೂ ಕಡಿಮೆಯಿಲ್ಲ. ಟ್ರ್ಯಾಕ್ ಡೇ ನಡೆಸುವವರು ಎರಡು ಕೆಲಸ ಮಾಡಬಹುದು. ಬೆಳಗಿನ ತಪಾಸಣೆಯಲ್ಲಿ ಹೆಲ್ಮೆಟ್ಟು, ಸೀಟ್ ಬೆಲ್ಟಿನ ಜೊತೆಗೆ ಒಂದು ಚಕ್ರ ಬಿಚ್ಚಿಸಿ ಪ್ಯಾಡು ನೋಡುವುದು. ಕತ್ತರಿಸಿದ್ದರೆ ಎಲ್ಲಿ, ಯಾಕೆ ಎಂದು ಕೇಳುವುದು. ಎರಡನೆಯದು, ಹೊಂದುವ ಆಕಾರಗಳ ಪಟ್ಟಿಯೊಂದನ್ನು ಇಟ್ಟು, ಒಂದೇ ಆಕಾರ ಬಳಸುವ ಹತ್ತು ಮಂದಿಯನ್ನು ಸೇರಿಸಿ ಒಳ್ಳೆಯ ಮಸಾಲೆಯ ಪ್ಯಾಡನ್ನು ಒಟ್ಟಿಗೆ ತರಿಸುವುದು. ಒಬ್ಬನಿಗೆ ಭಾರವಾದ ಸಾಗಣೆಯ ಖರ್ಚು ಹತ್ತು ಜನರಿಗೆ ಹಂಚಿಹೋಗುತ್ತದೆ. ಬಡವರನ್ನು ಗೇಟಿನಲ್ಲಿ ತಡೆಯುವುದಕ್ಕಿಂತ ಇದು ಹೆಚ್ಚು ಸುರಕ್ಷಿತ. ತಡೆದರೆ ಅವರು ಓಡಿಸುವುದನ್ನು ಬಿಡುವುದಿಲ್ಲ, ಹೆದ್ದಾರಿಯಲ್ಲಿ ಓಡಿಸುತ್ತಾರೆ.

ಹೆದ್ದಾರಿಯ ಮಾತು ಬಂದಾಗ ಇನ್ನೊಂದು. ಇರುಂಗಾಟ್ಟುಕೋಟೈಗೆ ಬಂದ ಕಾರುಗಳಲ್ಲಿ ಹಲವು ಸಂಜೆ ಅದೇ ಚಕ್ರಗಳ ಮೇಲೆ ಬೆಂಗಳೂರಿಗೆ ವಾಪಸಾಗುತ್ತವೆ. ರೇಸಿನ ಮಸಾಲೆಗಳಲ್ಲಿ ಹಲವು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ; ಟ್ರ್ಯಾಕಿನ ಬಿಸಿಗೆ ಸಿಕ್ಕಿದ ಊರಿನ ಮಸಾಲೆ ಆರಿದ ಮೇಲೂ ಮೊದಲಿನಂತಿರುತ್ತದೆ ಎನ್ನಲಾಗದು. ಉಜ್ಜಿ ಹೊಂದಿಸಿದ ಪ್ಯಾಡು ಟ್ರ್ಯಾಕಿನ ಬೇಲಿಯೊಳಗೇ ಉಳಿಯಬೇಕು. ಮನೆಗೆ ಹೊರಡುವ ಮೊದಲು ಮೂಲ ಕ್ಯಾಲಿಪರ್ ಹಾಕಿಕೊಳ್ಳಬೇಕು, ಇಲ್ಲವೇ ಕಾರನ್ನು ಟ್ರೈಲರಿನಲ್ಲಿ ಒಯ್ಯಬೇಕು. ಟ್ರ್ಯಾಕಿಗೆ ಬಂದವರು ಅಪಾಯ ಗೊತ್ತಿದ್ದೇ ಸಹಿ ಹಾಕಿ ಬಂದಿರುತ್ತಾರೆ. ಹೊಸೂರಿನ ಸಿಗ್ನಲ್ಲಿನಲ್ಲಿ ಮುಂದೆ ನಿಂತಿರುವ ಸ್ಕೂಟರಿನವರು ಯಾವುದಕ್ಕೂ ಸಹಿ ಹಾಕಿಲ್ಲ.

ಹಾಗಾಗಿ ಗ್ಯಾರೇಜಿನ ಹುಡುಗ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: ಹಿಡಿಯುತ್ತಾ? ಅದಕ್ಕೆ ‘ಕೂತಿದೆ’ ಎಂಬ ಉತ್ತರ ಬಂದಾಗ ಅವನು ಅಲ್ಲಿಗೇ ಬಿಡಬಾರದು. ಎಷ್ಟು ಡಿಗ್ರಿವರೆಗೆ, ಎಷ್ಟು ಲ್ಯಾಪಿನವರೆಗೆ, ಯಾರು ಅಳೆದರು ಎಂದು ಮತ್ತೆ ಕೇಳಬೇಕು. ಉತ್ತರ ಸಿಗದಿದ್ದರೆ ಆ ಪ್ಯಾಡನ್ನು ಹಾಗೇ ಬಿಚ್ಚಿಟ್ಟು, ಊರಿನ ಕಾರಿನಂತೆ ನಿಧಾನವಾಗಿ ಒಂದು ಸುತ್ತು ಹೊಡೆದು, ಮುಂದಿನ ತಿಂಗಳ ಸಂಬಳದವರೆಗೆ ಕಾಯಬಹುದು. ಟ್ರ್ಯಾಕು ಎಲ್ಲಿಗೂ ಹೋಗುವುದಿಲ್ಲ.